ಹಚ್ಚಿದವರು ಯಾರೋ, ಕಣ್ಣು ಹೋದದ್ದು ಯಾರದೋ: ಪಟಾಕಿ ಗಾಯಕ್ಕೆ ಹೊಣೆ ಯಾರು?

ಏಳು ವರ್ಷದ ಹಿಂದಿನ ಬಲಿಪಾಡ್ಯಮಿಯ ಸಂಜೆ. ನಮ್ಮ ಬೀದಿಯ ತುದಿಯಲ್ಲಿ ನಾಲ್ಕೈದು ಹುಡುಗರು ಖಾಲಿ ಬಿಯರ್ ಬಾಟಲಿಯಲ್ಲಿ ರಾಕೆಟ್ ನಿಲ್ಲಿಸಿ ಹಚ್ಚುತ್ತಿದ್ದರು. ಮೂರು ನೆಟ್ಟಗೆ ಮೇಲೆ ಹೋದವು. ನಾಲ್ಕನೆಯದಕ್ಕೆ ಬತ್ತಿ ಹತ್ತಿಕೊಂಡ ಮೇಲೆ ಬಾಟಲಿ ವಾಲಿತು. ರಾಕೆಟ್ ನೆಲದ ಮಟ್ಟದಲ್ಲೇ ಹೊರಟು, ಎದುರು ಮನೆಯ ಕಾಂಪೌಂಡಿಗೆ ಬಡಿದು ತಿರುಗಿ, ತನ್ನ ಮನೆ ಗೇಟಿನ ಹತ್ತಿರ ಸುರ್‌ಸುರ್‌ಬತ್ತಿ ಹಿಡಿದು ನಿಂತಿದ್ದ ಒಂಬತ್ತು ವರ್ಷದ ಹುಡುಗನ ಎಡಗಣ್ಣಿಗೆ ಹೊಡೆಯಿತು. ಅವನು ಕೂಗಿಕೊಳ್ಳಲೂ ಇಲ್ಲ. ಒಂದು ಕೈಯಲ್ಲಿ ಮುಖ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಉರಿಯುತ್ತಿದ್ದ ಬತ್ತಿಯನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟಿದ್ದ. ಅದನ್ನು ಅವನ ಬೆರಳುಗಳಿಂದ ಬಿಡಿಸಿದವನು ನಾನು.

ಆಸ್ಪತ್ರೆಯ ಕೌಂಟರಿನಲ್ಲಿ "ಏನಾಯ್ತು?" ಎಂದು ಕೇಳಿದರು. ಅವನ ತಾಯಿ, "ಪಟಾಕಿ ಹೊಡೀತಿದ್ದ, ತಾಗಿಬಿಡ್ತು" ಎಂದರು. ರಾಕೆಟ್ ಹಚ್ಚಿದ್ದು ಮೂರು ಮನೆ ಆಚೆಯವರ ಮಗ. ದಿನಾ ಮುಖ ನೋಡಬೇಕಾದವರು. ಹಬ್ಬದ ದಿನ ಪೊಲೀಸ್ ಸ್ಟೇಷನ್ ಬೇಡ ಎಂಬುದು ಆ ತಾಯಿಯ ಮನಸ್ಸಿನಲ್ಲಿತ್ತು. ಕೌಂಟರಿನವರು ಆ ಮಾತನ್ನು ಹಾಗೇ ಕೇಸ್ ಶೀಟಿನಲ್ಲಿ ಬರೆದುಕೊಂಡರು. ಕಣ್ಣು ಉಳಿಯಲಿಲ್ಲ. ಬೇರೆಯವರ ರಾಕೆಟ್ ತಾಗಿಸಿಕೊಂಡ ಹುಡುಗ ಕಾಗದದ ಮೇಲೆ ತಾನೇ ಪಟಾಕಿ ಹೊಡೆದು ಗಾಯ ಮಾಡಿಕೊಂಡವನಾದ.

ಅದೇ ಹುಡುಗನಿಗೆ ಅದೇ ಗೇಟಿನ ಮುಂದೆ ಸ್ಕೂಟರ್ ಗುದ್ದಿ ಕಣ್ಣು ಹೋಗಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸ್ಕೂಟರಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಪರಿಹಾರ ನಿರ್ಧರಿಸಲೆಂದೇ ಮೋಟಾರು ಅಪಘಾತ ನ್ಯಾಯಮಂಡಳಿ ಇದೆ. ಯಾವ ವಯಸ್ಸಿಗೆ ಎಷ್ಟು, ಯಾವ ಊನಕ್ಕೆ ಎಷ್ಟು ಎಂಬ ಲೆಕ್ಕವನ್ನು ಸುಪ್ರೀಂ ಕೋರ್ಟು ತೀರ್ಪಿನ ಮೇಲೆ ತೀರ್ಪು ಕೊಟ್ಟು ಹದಗೊಳಿಸಿದೆ. ಗುದ್ದಿದವನು ನಿಲ್ಲಿಸದೆ ಓಡಿಹೋದರೂ, 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಸಿಗುತ್ತದೆ. ಪಟಾಕಿ ಗಾಯಕ್ಕೆ ವಿಮೆಯೂ ಇಲ್ಲ, ನ್ಯಾಯಮಂಡಳಿಯೂ ಇಲ್ಲ, ಲೆಕ್ಕದ ಪಟ್ಟಿಯೂ ಇಲ್ಲ.

ಹಾಗೆಂದು ಕಾನೂನೇ ಇಲ್ಲ ಎಂದಲ್ಲ. 1884ರ ಸ್ಫೋಟಕ ಕಾಯ್ದೆಯಿಂದ ಹಿಡಿದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯವರೆಗೆ ಬೇಕಾದಷ್ಟಿವೆ. ಆದರೆ ಒಂದು ಬಾಗಿಲು ತೆರೆಯುವುದು ಪಟಾಕಿ ಕೊಂಡವರಿಗೆ, ಇನ್ನೊಂದು ಗೋದಾಮಿನಲ್ಲಿ ಸುಟ್ಟುಹೋದವರಿಗೆ. ಏನೂ ಕೊಳ್ಳದೆ, ಏನೂ ಹಚ್ಚದೆ ಸುಮ್ಮನೆ ನಿಂತಿದ್ದವನಿಗೆ ಉಳಿಯುವುದು ಎಲ್ಲಕ್ಕಿಂತ ದುಬಾರಿಯಾದ, ಎಲ್ಲಕ್ಕಿಂತ ನಿಧಾನವಾದ ದಾರಿ. ಆಸ್ಪತ್ರೆಗೆ ಬರುವವರಲ್ಲಿ ಇಂಥವರು ಕಡಿಮೆಯೇನಲ್ಲ. ದೀಪಾವಳಿಯ ಮೂರು ದಿನ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ, ನಾರಾಯಣ ನೇತ್ರಾಲಯದಲ್ಲಿ ರಾತ್ರಿಯಿಡೀ ಕಣ್ಣಿನ ಗಾಯಾಳುಗಳನ್ನು ನೋಡುವ ವೈದ್ಯರು ವರ್ಷ ವರ್ಷವೂ ಹೇಳುವ ಮಾತು ಒಂದೇ: ಹಚ್ಚಿದವರಷ್ಟೇ ಅಲ್ಲ, ನೋಡುತ್ತ ನಿಂತವರು, ದಾರಿಯಲ್ಲಿ ಹೋಗುತ್ತಿದ್ದವರು ಬರುತ್ತಾರೆ, ಅದರಲ್ಲೂ ಮಕ್ಕಳು.

ಟೆರೇಸಿನ ರಾಕೆಟ್, ಬೀದಿಯ ರಾಕೆಟ್

ಹಚ್ಚಿದವರ ಹೊಣೆಯಿಂದ ಶುರು ಮಾಡೋಣ. ಇದಕ್ಕೆ ಪ್ರತ್ಯೇಕ ಕಾಯ್ದೆ ಇಲ್ಲ. ಕೋರ್ಟುಗಳು ತೀರ್ಪುಗಳ ಮೂಲಕ ಕಟ್ಟಿದ ಸಿವಿಲ್ ತಪ್ಪುಗಳ ಕಾನೂನೇ ಆಧಾರ. ಅದರಲ್ಲಿ ಎರಡು ಎಳೆಗಳಿವೆ. ಒಂದು, ನಿರ್ಲಕ್ಷ್ಯ. ಎದುರಿನವನು ವಹಿಸಬೇಕಾದ ಎಚ್ಚರ ವಹಿಸಲಿಲ್ಲ, ಅದರಿಂದಲೇ ನನಗೆ ಪೆಟ್ಟಾಯಿತು ಎಂದು ತೋರಿಸಬೇಕು. ಇನ್ನೊಂದು 1868ರಲ್ಲಿ ಇಂಗ್ಲೆಂಡಿನ ರೈಲ್ಯಾಂಡ್ಸ್ ಮೊಕದ್ದಮೆಯಿಂದ ಬಂದದ್ದು. ಒಬ್ಬನು ಕಟ್ಟಿಸಿದ ಕೆರೆಯ ನೀರು ಪಕ್ಕದವನ ಗಣಿಗೆ ನುಗ್ಗಿದ ಪ್ರಕರಣ ಅದು. ಅಪಾಯದ ವಸ್ತುವನ್ನು ತನ್ನ ಜಾಗಕ್ಕೆ ತಂದಿಟ್ಟುಕೊಂಡವನು, ಅದು ತಪ್ಪಿಸಿಕೊಂಡು ಹೊರಗೆ ಹೋಗಿ ಹಾನಿ ಮಾಡಿದರೆ, ಎಷ್ಟೇ ಎಚ್ಚರದಿಂದಿದ್ದರೂ ಹೊಣೆಗಾರನೇ ಎಂಬುದು ಅಲ್ಲಿ ಹುಟ್ಟಿದ ನಿಯಮ. ಭಾರತದ ಕೋರ್ಟುಗಳೂ ಇದನ್ನು ಒಪ್ಪಿವೆ.

ಇದನ್ನು ಬೆಂಗಳೂರಿನ ಬೀದಿಗೆ ತಂದರೆ ವಿಚಿತ್ರವೊಂದು ಕಾಣುತ್ತದೆ. ಒಬ್ಬನು ತನ್ನ ಟೆರೇಸಿನಿಂದ ಬಿಟ್ಟ ರಾಕೆಟ್ ಪಕ್ಕದ ಮನೆಯ ಬಾಲ್ಕನಿಗೆ ನುಗ್ಗಿದರೆ ಎರಡನೆಯ ನಿಯಮ ಚೆನ್ನಾಗಿ ಒಪ್ಪುತ್ತದೆ. ಅದೇ ರಾಕೆಟ್ಟನ್ನು ಮೆಟ್ಟಿಲಿಳಿದು ಬಂದು ರಸ್ತೆಯಲ್ಲಿ ಹಚ್ಚಿದರೆ, ಅದು ಅವನ ಜಾಗದಿಂದ ತಪ್ಪಿಸಿಕೊಂಡಿತು ಎನ್ನಲು ಬರುವುದಿಲ್ಲ. ನಿರ್ಲಕ್ಷ್ಯವನ್ನೇ ಸಾಬೀತು ಮಾಡಬೇಕು. ಚಿಕ್ಕ ಮನೆಗಳ ಬಡಾವಣೆಗಳಲ್ಲಿ ಎಲ್ಲರೂ ಹಚ್ಚುವುದು ರಸ್ತೆಯಲ್ಲೇ.

ಆದರೂ ನಿರ್ಲಕ್ಷ್ಯ ತೋರಿಸುವುದು ಜನ ಹೆದರುವಷ್ಟು ಕಷ್ಟವಲ್ಲ. ಮರಳು ತುಂಬದ ಖಾಲಿ ಬಾಟಲಿಯಲ್ಲಿ, ಮಕ್ಕಳು ನಿಂತ ಕಡೆ, ಹತ್ತು ಹೆಜ್ಜೆಯ ದೂರದಲ್ಲಿ ರಾಕೆಟ್ ನಿಲ್ಲಿಸಿದರೆ ಅದೇ ಸಾಕ್ಷಿ. ಜೊತೆಗೆ ಸುಪ್ರೀಂ ಕೋರ್ಟಿನ ಆದೇಶಗಳಿವೆ. 2018ರ ಅಕ್ಟೋಬರ್ 23ರ ತೀರ್ಪು ದೀಪಾವಳಿಗೆ ರಾತ್ರಿ 8ರಿಂದ 10ರವರೆಗೆ ಮಾತ್ರ, ಹಸಿರು ಪಟಾಕಿ ಮಾತ್ರ ಎಂದಿತು. ಸರಪಟಾಕಿಯನ್ನೂ ಬೇರಿಯಂ ಲವಣಗಳನ್ನೂ ನಿಷೇಧಿಸಿತು. ಈ ಆದೇಶಗಳನ್ನು ನಾವು ಮಾಲಿನ್ಯದ ವಿಷಯ ಎಂದಷ್ಟೇ ಓದುತ್ತೇವೆ. ಗಾಯಗೊಂಡವರ ಕೈಯಲ್ಲಿ ಅವು ಆಯುಧಗಳು. ರಾತ್ರಿ ಹನ್ನೊಂದೂವರೆಗೆ ಸರಪಟಾಕಿ ಹಚ್ಚಿದವನು "ನಾನು ಎಲ್ಲರ ಹಾಗೆ ಹಬ್ಬ ಮಾಡುತ್ತಿದ್ದೆ" ಎಂದರೆ, ಹಚ್ಚಬಾರದ ಹೊತ್ತಿನಲ್ಲಿ ಹಚ್ಚಬಾರದ್ದನ್ನು ಹಚ್ಚಿದ್ದೇ ನಿರ್ಲಕ್ಷ್ಯ ಎಂದು ವಕೀಲರು ತೋರಿಸಬಹುದು.

"ಅಲ್ಲಿ ಯಾಕೆ ನಿಂತಿದ್ದೆ?" ಎಂಬುದು ಬೀದಿಯಲ್ಲೂ ಕೋರ್ಟಿನಲ್ಲೂ ಬರುವ ಪ್ರಶ್ನೆ. ಪೆಟ್ಟು ತಿಂದವನೂ ಒಪ್ಪಿಯೇ ಅಲ್ಲಿದ್ದ ಎಂಬ ವಾದ. ಇದಕ್ಕೆ ಮಿತಿ ಇದೆ. 2024ರ ದೀಪಾವಳಿಯ ರಾತ್ರಿ ಬೆಂಗಳೂರಿನ ಕೋಣನಕುಂಟೆಯಲ್ಲಿ, ಪಟಾಕಿಯ ಮೇಲೆ ಡಬ್ಬ ಮುಚ್ಚಿ ಅದರ ಮೇಲೆ ಕುಳಿತರೆ ಆಟೋ ಕೊಡಿಸುತ್ತೇವೆ ಎಂದು ಗೆಳೆಯರು ಪಂದ್ಯ ಕಟ್ಟಿದರು. ಕುಳಿತ ಯುವಕ ಸತ್ತ. ಪೊಲೀಸರು ಆರು ಜನರನ್ನು ಬಂಧಿಸಿದರು. ತಾನಾಗಿ ಕುಳಿತವನ ಒಪ್ಪಿಗೆಯೇ ಹಚ್ಚಿದವರನ್ನು ಆ ರಾತ್ರಿ ಬಂಧನದಿಂದ ಉಳಿಸಲಿಲ್ಲ ಎಂದ ಮೇಲೆ, ತನ್ನ ಮನೆ ಗೇಟಿನಲ್ಲಿ ನಿಂತಿದ್ದ ಮಗು ಅಪಾಯಕ್ಕೆ ಒಪ್ಪಿಗೆ ಕೊಟ್ಟಿತ್ತು ಎನ್ನಲು ಯಾವ ಆಧಾರವಿದೆ?

ಹಚ್ಚಿದವರೂ ಮಕ್ಕಳೇ ಆಗಿದ್ದರೆ? ನಮ್ಮ ಬೀದಿಯಲ್ಲಿ ಆದದ್ದೂ ಅದೇ. ಏಳು ವರ್ಷದೊಳಗಿನ ಮಗುವಿನ ಕೆಲಸ ಅಪರಾಧವೇ ಅಲ್ಲ. ಏಳರಿಂದ ಹನ್ನೆರಡರ ನಡುವೆ, ಮಾಡಿದ್ದರ ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿತ್ತೇ ಎಂದು ನೋಡುತ್ತಾರೆ. ಇನ್ನು ಹಣದ ಹೊಣೆ. ಮಗ ಮಾಡಿದ ತಪ್ಪಿಗೆ ಅಪ್ಪ ಅಪ್ಪನಾಗಿರುವ ಕಾರಣಕ್ಕೇ ಹೊಣೆಯಾಗುವುದಿಲ್ಲ. ಆದರೆ ಹನ್ನೆರಡು ವರ್ಷದವನ ಕೈಗೆ ರಾಕೆಟ್ ಕಟ್ಟು ಕೊಟ್ಟು, ತಾನು ಒಳಗೆ ಟಿವಿ ಮುಂದೆ ಕುಳಿತರೆ, ಆ ನಿರ್ಲಕ್ಷ್ಯ ಅಪ್ಪನದೇ. ದಾವೆ ಹೂಡಬೇಕಾದ್ದು ಹಾಗೆ. ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. 1884ರ ಸ್ಫೋಟಕ ಕಾಯ್ದೆಯ 6ಎ ಕಲಮಿನ ಪ್ರಕಾರ 18 ತುಂಬದವರಿಗೆ ಸ್ಫೋಟಕ ಮಾರುವಂತಿಲ್ಲ, ಮತ್ತು ಆ ಕಾಯ್ದೆಯ ಮಟ್ಟಿಗೆ ಪಟಾಕಿಯೂ ಸ್ಫೋಟಕವೇ. ಮೈದಾನದ ಅಂಗಡಿಗಳ ಮುಂದೆ ಐನೂರರ ನೋಟು ಹಿಡಿದು ನಿಂತ ಹುಡುಗರನ್ನು ನೀವೂ ನೋಡಿದ್ದೀರಿ.

ಅಪಾರ್ಟ್‌ಮೆಂಟುಗಳಲ್ಲಿ ಅಸೋಸಿಯೇಷನ್ನೇ ದುಡ್ಡು ಸೇರಿಸಿ, ಜಾಗ ಗೊತ್ತು ಮಾಡಿ ಪಟಾಕಿ ಹಚ್ಚಿಸುವುದುಂಟು. ಹಾಗೆ ಏರ್ಪಾಡು ಮಾಡಿದ ಮೇಲೆ ಎಚ್ಚರದ ಹೊಣೆಯೂ ಅಸೋಸಿಯೇಷನ್ನಿಗೆ ಬರುತ್ತದೆ. ಅವರ ಬಳಿ ನಿಧಿ ಇರುತ್ತದೆ, ಒಂದು ಸಂಜೆಯ ಮಟ್ಟಿಗೆ ವಿಮೆ ಮಾಡಿಸಲೂ ಆಗುತ್ತದೆ. ಮಾಡಿಸಿದವರನ್ನು ನಾನು ಇನ್ನೂ ಕಂಡಿಲ್ಲ.

ದಾವೆಗೆ ಮೂರು ವರ್ಷದ ಗಡುವು. ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಶುಲ್ಕ ಕಟ್ಟಬೇಕು. ಇಲ್ಲೇ ಬಡವರು ನಿಂತುಬಿಡುವುದು. ಶುಲ್ಕ ಕಟ್ಟಲಾಗದವರು ನಿರ್ಗತಿಕರೆಂದು ಅರ್ಜಿ ಹಾಕಿ ದಾವೆ ಹೂಡಲು ಅವಕಾಶವಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗಬೇಕು. ಮಗು ಎಂಬ ಒಂದೇ ಕಾರಣ ಸಾಕು.

ಎಫ್ಐಆರ್ ಕೊಡುವುದು ಏನನ್ನು

2024ರ ಜುಲೈ 1ರಿಂದ ಹಳೆಯ ಐಪಿಸಿಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಸ್ಫೋಟಕ ವಸ್ತುವಿನ ವಿಷಯದಲ್ಲಿ ನಿರ್ಲಕ್ಷ್ಯ ತೋರಿದರೆ 288ನೇ ಕಲಮು: ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿರ್ಲಕ್ಷ್ಯದಿಂದ ತೀವ್ರ ಗಾಯವಾದರೆ 125(ಬಿ): ಮೂರು ವರ್ಷದವರೆಗೆ ಜೈಲು ಅಥವಾ 10,000ದವರೆಗೆ ದಂಡ, ಅಥವಾ ಎರಡೂ. ಒಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋದರೂ ಅದು ತೀವ್ರ ಗಾಯವೇ. ಸಾವಾದರೆ 106(1), ಐದು ವರ್ಷದವರೆಗೆ ಶಿಕ್ಷೆ. ಹಳೆಯ ಐಪಿಸಿಯಲ್ಲಿ ನಿರ್ಲಕ್ಷ್ಯದಿಂದ ಕಣ್ಣು ಕಳೆದವನಿಗೆ ದಂಡದ ಮಿತಿ ಒಂದು ಸಾವಿರ ರೂಪಾಯಿ ಇತ್ತು. ನಮ್ಮ ಹುಡುಗನ ಕಾಲಕ್ಕೆ ಇದ್ದದ್ದು ಅದೇ.

ದಂಡದ ಹಣ ಹೋಗುವುದು ಸರ್ಕಾರದ ಖಜಾನೆಗೆ. ಆರೋಪಿ ತಪ್ಪಿತಸ್ಥನೆಂದು ಸಾಬೀತಾದರೆ, ಗಾಯಗೊಂಡವರಿಗೆ ಪರಿಹಾರ ಕೊಡು ಎಂದು ಆದೇಶಿಸಲು ಮ್ಯಾಜಿಸ್ಟ್ರೇಟರಿಗೆ ಕ್ರಿಮಿನಲ್ ವಿಚಾರಣೆಯ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 395ನೇ ಕಲಮು ಅಧಿಕಾರ ಕೊಟ್ಟಿದೆ. ಆದರೆ ಬಹುಪಾಲು ಪ್ರಕರಣಗಳು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಠಾಣೆಯ ಬೆಂಚಿನ ಮೇಲೆ ಹಿರಿಯರು ಕೂತು, "ಆಸ್ಪತ್ರೆ ಖರ್ಚು ನಾವು ನೋಡಿಕೊಳ್ಳುತ್ತೇವೆ" ಎಂಬಲ್ಲಿಗೆ ಮುಗಿಯುತ್ತದೆ. ಕೋರ್ಟಿನ ಅನುಮತಿಯಿಂದ ಇಂಥ ಪ್ರಕರಣದಲ್ಲಿ ರಾಜಿಯಾಗಲು ಕಾನೂನೇ ಅವಕಾಶ ಕೊಡುತ್ತದೆ, ರಾಜಿ ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಕಣ್ಣಿನ ಗಾಯದ ಪೂರ್ತಿ ನಷ್ಟ ಮೊದಲ ವಾರದಲ್ಲಿ ತಿಳಿಯುವುದಿಲ್ಲ. ಪೆಟ್ಟಾದ ಕಣ್ಣಿಗೆ ವರ್ಷಗಳಾದ ಮೇಲೂ ಪೊರೆ ಬರಬಹುದು, ಒತ್ತಡ ಏರಬಹುದು. ಇಪ್ಪತ್ತು ಸಾವಿರ ಇಸಿದುಕೊಂಡು "ಇನ್ನು ಯಾವ ತಕರಾರೂ ಇಲ್ಲ" ಎಂದು ಸಹಿ ಹಾಕುವವರು ಆ ಹೊತ್ತಿನಲ್ಲಿ ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂದು ತಿಳಿಯದೆ ಹಾಕುತ್ತಾರೆ. ಗಾಯ ಮಗುವಿನದಾದರೆ ಒಂದು ರಕ್ಷಣೆ ಇದೆ: ದಾವೆ ನಡೆಯುತ್ತಿದ್ದರೆ, ನ್ಯಾಯಾಧೀಶರು ಮಗುವಿನ ಹಿತ ನೋಡಿ ಒಪ್ಪದ ಹೊರತು ತಂದೆ ತಾಯಿ ಅದರ ಪರವಾಗಿ ರಾಜಿ ಮಾಡಿಕೊಳ್ಳುವಂತಿಲ್ಲ.

ಸಿಡಿಯಬಾರದ್ದು ಸಿಡಿದರೆ

ಹೂಕುಂಡ ಅರಳಬೇಕು, ಸಿಡಿಯಬಾರದು. ಹಚ್ಚಿದ ಕೂಡಲೇ ಬಾಂಬಿನಂತೆ ಸಿಡಿದರೆ ಅದು ಹಚ್ಚಿದವನ ತಪ್ಪಲ್ಲ, ಮಾಡಿದವನ ತಪ್ಪು. 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಗ್ರಾಹಕ ಕಾಯ್ದೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ, ಅಳತೆ ತಪ್ಪಿದ ಮದ್ದು, ಸರಿಯಾದ ಸೂಚನೆ ಇಲ್ಲದಿರುವುದು, ಇವುಗಳಲ್ಲಿ ಯಾವುದಿದ್ದರೂ ತಯಾರಕ ಹೊಣೆಗಾರ. ಅವನ ಮನಸ್ಸಿನಲ್ಲಿ ಏನಿತ್ತು, ಎಷ್ಟು ಎಚ್ಚರ ವಹಿಸಿದ್ದ ಎಂಬ ಲೆಕ್ಕವನ್ನು ಗಾಯಾಳು ತೋರಿಸಬೇಕಿಲ್ಲ; ದೋಷವಿತ್ತು, ಅದರಿಂದ ಹಾನಿಯಾಯಿತು ಎಂದು ತೋರಿಸಿದರೆ ಸಾಕು.

ಕೊಂಡ ಸರಕಿನ ಬೆಲೆ ಕಡಿಮೆ ಇದ್ದರೆ ದೂರಿಗೆ ಶುಲ್ಕವಿಲ್ಲ. ಶಿವಕಾಶಿಯ ಕಾರ್ಖಾನೆಯ ಮೇಲೆ ದೂರು ಕೊಡಲು ಶಿವಕಾಶಿಗೆ ಹೋಗಬೇಕಿಲ್ಲ. ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಗಡುವು ಎರಡು ವರ್ಷ. ತಯಾರಕ ಯಾರೆಂದೇ ತಿಳಿಯದ ಪೆಟ್ಟಿಗೆಯಾದರೆ, ಹೊಣೆ ಮಾರಿದ ಅಂಗಡಿಯವನ ಮೇಲೆ ಬೀಳುತ್ತದೆ.

ಕೇಳಲು ಇಷ್ಟು ಚೆನ್ನಾಗಿದ್ದರೂ ಬೆಂಗಳೂರಿನಲ್ಲಿ ಜನ ಪಟಾಕಿ ಕೊಳ್ಳುವ ರೀತಿಯೇ ಇದಕ್ಕೆ ಅಡ್ಡ ಬರುತ್ತದೆ. ಎಷ್ಟೋ ಮನೆಗಳಿಗೆ ಪಟಾಕಿ ಬರುವುದು ಚೀಟಿಯಿಂದ. ತಿಂಗಳು ತಿಂಗಳು ಕಟ್ಟಿದ ದುಡ್ಡಿಗೆ ದೀಪಾವಳಿಯ ವಾರ ಒಂದು ದೊಡ್ಡ ಪೆಟ್ಟಿಗೆ ಬರುತ್ತದೆ, ಜೊತೆಗೆ ಸ್ವೀಟ್ ಬಾಕ್ಸ್. ಬಿಲ್ ಇರುವುದಿಲ್ಲ. ಇನ್ನು ಕೆಲವರು ಅಗ್ಗವೆಂದು ಗಡಿ ದಾಟಿ ಹೊಸೂರಿಗೆ ಹೋಗಿ ಕಾರಿನ ಡಿಕ್ಕಿ ತುಂಬಿಕೊಂಡು ಬರುತ್ತಾರೆ. ಅಲ್ಲಿ ಕೊಡುವುದು ಎಷ್ಟೋ ಸಲ ಮೊತ್ತ ಮಾತ್ರ ಬರೆದ ಚೀಟಿ. ಸರಿಯಾದ ಬಿಲ್ ಕೊಟ್ಟರೂ ಅದು ಥರ್ಮಲ್ ಕಾಗದದ್ದು. ಬರುವ ಯುಗಾದಿಯ ಹೊತ್ತಿಗೆ ಅಕ್ಷರ ಅಳಿಸಿ ಬಿಳಿ ಹಾಳೆಯಾಗಿರುತ್ತದೆ. ಸಿಡಿದ ಹೂಕುಂಡದ ಚೂರು, ಹೊರಗಿನ ಪೆಟ್ಟಿಗೆ, ಅದರ ಮೇಲಿನ ಹೆಸರು ಎಲ್ಲವನ್ನೂ ಬೆಳಿಗ್ಗೆ ಆರಕ್ಕೆ ಪೌರಕಾರ್ಮಿಕರು ಕೆಂಪು ಕಾಗದದ ರಾಶಿಯೊಂದಿಗೆ ಗುಡಿಸಿಕೊಂಡು ಹೋಗುತ್ತಾರೆ. ಅದು ಅವರ ಕೆಲಸ. ಸಾಕ್ಷಿಯನ್ನು ರಾತ್ರಿಯೇ ಎತ್ತಿಡಬೇಕಾದವರು ನಾವು.

ಎಚ್ಚರಿಕೆಯ ಬರಹದ ಬಗ್ಗೆ ನನ್ನದೊಂದು ವಾದವಿದೆ. ನಾನು ತಿರುಗಿಸಿ ನೋಡಿದ ಪೆಟ್ಟಿಗೆಗಳಲ್ಲಿ ಸೂಚನೆ ಇರುವುದು ಇಂಗ್ಲಿಷಿನಲ್ಲಿ, ಕೆಲವದರಲ್ಲಿ ತಮಿಳಿನಲ್ಲಿ. ಕನ್ನಡದ ಒಂದು ಸಾಲು ಸಿಕ್ಕಿದರೆ ಅಪರೂಪ. ಎಲ್ಲರಿಗೂ ಗೊತ್ತಿರುವ ಅಪಾಯದ ಬಗ್ಗೆ ಎಚ್ಚರಿಸಬೇಕಿಲ್ಲ ಎಂದು ಕಾಯ್ದೆ ತಯಾರಕರಿಗೆ ವಿನಾಯಿತಿ ಕೊಟ್ಟಿದೆ, ನಿಜ. ಪಟಾಕಿ ಸುಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಇದನ್ನು ಎಷ್ಟು ದೂರ ನಿಂತು ಹಚ್ಚಬೇಕು, ಹತ್ತದಿದ್ದರೆ ಎಷ್ಟು ಹೊತ್ತು ಹತ್ತಿರ ಹೋಗಬಾರದು ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯವಲ್ಲ. "ಟುಸ್ ಆಯ್ತು" ಎಂದು ಬಗ್ಗಿ ನೋಡಿ ಮುಖ ಸುಟ್ಟುಕೊಂಡವರು ಅದನ್ನು ತಿಳಿಯದವರೇ. ಓದಲು ಬಾರದ ಭಾಷೆಯ ಎಚ್ಚರಿಕೆ ಎಚ್ಚರಿಕೆಯಲ್ಲ ಎಂದು ಆಯೋಗದ ಮುಂದೆ ಯಾರಾದರೂ ವಾದಿಸಬೇಕು.

ಇಷ್ಟೆಲ್ಲ ಇದ್ದೂ ಈ ಕಾಯ್ದೆಯ ಹೊಣೆ ಗ್ರಾಹಕರಿಗೆ ಆದ ಹಾನಿಗೆ ಮಾತ್ರ. ಕೊಂಡವರು ಮತ್ತು ಅವರ ಒಪ್ಪಿಗೆಯಿಂದ ಬಳಸಿದವರು ಗ್ರಾಹಕರು. ಅಪ್ಪ ಕೊಂಡದ್ದನ್ನು ಮಗ ಹಚ್ಚಿ ಗಾಯಗೊಂಡರೆ ಮಗನಿಗೂ ಬಾಗಿಲು ತೆರೆದಿದೆ. ಪಕ್ಕದ ಮನೆಯವರು ಕೊಂಡ ರಾಕೆಟ್ ತಾಗಿದ ಹುಡುಗ ಗ್ರಾಹಕನಲ್ಲ, ಅವನು ಹೊರಗೇ.

ಅತ್ತಿಬೆಲೆ ಕಲಿಸಿದ್ದು

2023ರ ಅಕ್ಟೋಬರ್ 7ರ ಶನಿವಾರ ಮಧ್ಯಾಹ್ನ ಅತ್ತಿಬೆಲೆಯ ಪಟಾಕಿ ಅಂಗಡಿ ಮತ್ತು ಗೋದಾಮಿನಲ್ಲಿ ಲಾರಿಯಿಂದ ಸರಕು ಇಳಿಸುವಾಗ ಬೆಂಕಿ ಬಿತ್ತು. ಮರುದಿನದ ಲೆಕ್ಕಕ್ಕೆ ಸತ್ತವರು 14. ಸುಟ್ಟ ಗಾಯಗಳಿಂದ ಆಸ್ಪತ್ರೆಯಲ್ಲಿದ್ದ ಕೆಲವರು ಆಮೇಲೆ ತೀರಿಕೊಂಡರು. ಹೆಚ್ಚಿನವರು ಹಬ್ಬದ ಹಂಗಾಮಿಗೆ ದುಡಿಯಲು ಬಂದಿದ್ದ ತಮಿಳುನಾಡಿನ ಹುಡುಗರು, ಕೆಲವರು ಇನ್ನೂ ಓದುತ್ತಿದ್ದವರು. ಕರ್ನಾಟಕ ಸರ್ಕಾರ ಸತ್ತವರ ಕುಟುಂಬಕ್ಕೆ ತಲಾ 5 ಲಕ್ಷ, ತಮಿಳುನಾಡು 3 ಲಕ್ಷ ಘೋಷಿಸಿದವು. ಎಲ್ಲ ಪತ್ರಿಕೆಗಳಲ್ಲೂ ಬಂದ ಪದ "ಪರಿಹಾರ".

ಈ ಪದದಲ್ಲೇ ಒಂದು ತೊಡಕಿದೆ. ಸರ್ಕಾರ ಕರುಣೆಯಿಂದ ಕೊಡುವ ಹಣಕ್ಕೂ ಕನ್ನಡದಲ್ಲಿ ಪರಿಹಾರವೇ, ತಪ್ಪು ಮಾಡಿದವನಿಂದ ಹಕ್ಕಿನಿಂದ ವಸೂಲು ಮಾಡುವ ಹಣಕ್ಕೂ ಪರಿಹಾರವೇ. ಮುಖ್ಯಮಂತ್ರಿ ಚೆಕ್ ಕೊಟ್ಟ ಮೇಲೆ "ಪರಿಹಾರ ಬಂತಲ್ಲ" ಎಂದು ಊರು ಸುಮ್ಮನಾಗುತ್ತದೆ, ಮನೆಯವರೂ ಸುಮ್ಮನಾಗುತ್ತಾರೆ. ಕಾನೂನಿನ ಲೆಕ್ಕದಲ್ಲಿ ಆ ಹೊತ್ತಿಗೆ ಹೊಣೆಗಾರನಿಂದ ಒಂದು ರೂಪಾಯಿಯೂ ಬಂದಿರುವುದಿಲ್ಲ.

ಗೋದಾಮಿನ ಮಾಲೀಕರ ವಿಷಯದಲ್ಲಿ ನಮ್ಮ ಕಾನೂನು ಇಂಗ್ಲೆಂಡಿಗಿಂತ ಮುಂದೆ ಹೋಗಿದೆ. ದೆಹಲಿಯ ಶ್ರೀರಾಮ್ ಕಾರ್ಖಾನೆಯ ಓಲಿಯಂ ಅನಿಲ ಸೋರಿಕೆಯ ಪ್ರಕರಣದಲ್ಲಿ, 1986ರ ಡಿಸೆಂಬರಿನಲ್ಲಿ, ಸುಪ್ರೀಂ ಕೋರ್ಟು ಸಂಪೂರ್ಣ ಹೊಣೆಯ ತತ್ತ್ವವನ್ನು ಸಾರಿತು. ಅಪಾಯಕರ ಉದ್ಯಮದಿಂದ ಲಾಭ ಮಾಡುವವನು ಅದರಿಂದಾದ ಹಾನಿಗೆ ಯಾವ ನೆಪವನ್ನೂ ಹೇಳುವಂತಿಲ್ಲ. ದೇವರ ಆಟ, ಮೂರನೆಯವನ ತಪ್ಪು, ಯಾವುದೂ ನಡೆಯುವುದಿಲ್ಲ. ಈ ತತ್ತ್ವಕ್ಕೆ ಹಾನಿ ಗೋದಾಮಿನ ಹೊರಗೆ ಆಗಿರಬೇಕು ಎಂಬ ಷರತ್ತೂ ಇಲ್ಲ, ಗಾಯಗೊಂಡವನು ಕೊಂಡವನಾಗಿರಬೇಕು ಎಂಬ ಷರತ್ತೂ ಇಲ್ಲ. 2021ರ ಸೆಪ್ಟೆಂಬರ್ 23ರಂದು ನ್ಯೂ ತರಗುಪೇಟೆಯ ಸರಕು ಗೋದಾಮಿನಲ್ಲಿ ಪಟಾಕಿ ಸಿಡಿದು ಮೂವರು ಸತ್ತದ್ದು ನಗರದ ನಡುಮಧ್ಯದಲ್ಲಿ. ಅಂಥ ಕಡೆ ದಾರಿಯಲ್ಲಿ ಹೋಗುತ್ತಿದ್ದವನಿಗೂ ಈ ಹಕ್ಕು ಪೂರ್ತಿಯಾಗಿ ಇದೆ.

ವಸೂಲಿಗೆ ಪರಿಸರದ ಪ್ರಕರಣಗಳನ್ನು ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಒಂದು ದಾರಿ. ಅದರ 2010ರ ಕಾಯ್ದೆಯ 17ನೇ ಕಲಮು ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡಿಸುತ್ತದೆ; ಅರ್ಜಿಗೆ ಐದು ವರ್ಷದ ಅವಧಿ. 2021ರ ಫೆಬ್ರುವರಿಯಲ್ಲಿ ತಮಿಳುನಾಡಿನ ವಿರುದುನಗರ ಜಿಲ್ಲೆಯ ಪಟಾಕಿ ಕಾರ್ಖಾನೆ ಸಿಡಿದಾಗ, ಸತ್ತವರಿಗೆ 20 ಲಕ್ಷ, ಅರ್ಧಕ್ಕಿಂತ ಹೆಚ್ಚು ಮೈ ಸುಟ್ಟವರಿಗೆ 15 ಲಕ್ಷ ಎಂದು ಮಂಡಳಿ ಆದೇಶಿಸಿತು. ಅತ್ತಿಬೆಲೆಯ 5 ಲಕ್ಷದ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಕರುಣೆಗೂ ಹಕ್ಕಿಗೂ ಇರುವ ಅಂತರ ತಿಳಿಯುತ್ತದೆ.

ಪರವಾನಗಿ ಕೊಟ್ಟ ಅಧಿಕಾರಿಗಳು ಅಮಾನತಾದರೆ ಸರ್ಕಾರವೂ ಹಣ ಕೊಡಬೇಕಾಗುತ್ತದೆ ಎಂದು ಜನ ಭಾವಿಸುತ್ತಾರೆ. ಹಾಗೇನಿಲ್ಲ. ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿ ದುರಂತದ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟು ಪರವಾನಗಿ ಕೊಟ್ಟ ಪೊಲೀಸ್ ಅಧಿಕಾರಿಯನ್ನೂ ಪಾಲಿಕೆಯನ್ನೂ ಪರಿಹಾರದ ಹೊಣೆಯಿಂದ ಬಿಟ್ಟಿತು. ಅದು ನನಗೆ ಒಪ್ಪಿಗೆಯಾಗದ ತೀರ್ಪು. ತಾತ್ಕಾಲಿಕ ಪಟಾಕಿ ಅಂಗಡಿಗಳ ನಡುವೆ ಕನಿಷ್ಠ 3 ಮೀಟರ್ ಅಂತರ ಇರಬೇಕು, ಒಂದಕ್ಕೊಂದು ಎದುರು ಬದುರಾಗಿ ಇರಬಾರದು, ಒಂದು ಕಡೆ 50ಕ್ಕಿಂತ ಹೆಚ್ಚು ಇರಬಾರದು ಎಂದು 2008ರ ಸ್ಫೋಟಕ ನಿಯಮಗಳು ಹೇಳುತ್ತವೆ. ಟೇಪು ಹಿಡಿದು ಅಳೆಯಬಹುದಾದ ನಿಯಮ ಇದು. ಅಳೆಯದೆ ಸಹಿ ಹಾಕಿದವನಿಗೆ ಹೊಣೆ ಇಲ್ಲವೆಂದರೆ ನಿಯಮ ಯಾರಿಗಾಗಿ?

ಹಚ್ಚಿದವರು ಸಿಗದಿದ್ದರೆ

ಎಲ್ಲಿಂದಲೋ ಬಂದ ರಾಕೆಟ್, ಯಾವುದೋ ಟೆರೇಸಿನದು. ದೂರು ಯಾರ ಮೇಲೆ? ಇಲ್ಲಿ ಜನ ಬಳಸದೆ ಬಿಟ್ಟಿರುವ ಒಂದು ದಾರಿ ಇದೆ. ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮು, ಹಳೆಯ ಸಿಆರ್‌ಪಿಸಿಯ 357ಎ, ಆರೋಪಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ಸಂತ್ರಸ್ತರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು ಎನ್ನುತ್ತದೆ. ಪ್ರಾಧಿಕಾರ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು. ಠಾಣಾಧಿಕಾರಿಯ ಪ್ರಮಾಣಪತ್ರವಿದ್ದರೆ ತಕ್ಷಣದ ಚಿಕಿತ್ಸೆಯನ್ನು ಉಚಿತವಾಗಿ ಕೊಡಿಸಲೂ ಅಧಿಕಾರವಿದೆ. ಕರ್ನಾಟಕದ ಸಂತ್ರಸ್ತರ ಪರಿಹಾರ ಯೋಜನೆ 2011ರಿಂದಲೂ ಇದೆ. ಕೊಡುವುದು ಬಿಡುವುದು ಪ್ರಾಧಿಕಾರದ ವಿವೇಚನೆ, ಮೊತ್ತವೂ ದೊಡ್ಡದಲ್ಲ. ಆದರೆ ಬೀದಿಯಲ್ಲಿ ನಿಂತವನಿಗೆ ಇದು ಕೋರ್ಟ್ ಶುಲ್ಕವಿಲ್ಲದ ದಾರಿ. ಇದಕ್ಕೆ ಆಧಾರವಾಗುವುದು ಎಫ್ಐಆರ್. "ಹಬ್ಬದ ದಿನ ಸ್ಟೇಷನ್ ಬೇಡ" ಎಂದವರಿಗೆ ಈ ಬಾಗಿಲೂ ಮುಚ್ಚಿದಂತೆಯೇ.

ಒಂದು ಕಣ್ಣಿಗೆ ಎಷ್ಟು? ಅಂಗವೈಕಲ್ಯ ಅಳೆಯುವ ಸರ್ಕಾರದ ಮಾರ್ಗಸೂಚಿಯಲ್ಲಿ ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದರೆ ಶೇ 30. ಮೀಸಲಾತಿಯಂಥ ಸೌಲಭ್ಯಗಳು ಶುರುವಾಗುವುದು ಶೇ 40ರಿಂದ. ಹಾಗಾಗಿ ಆ ಹುಡುಗನಿಗೆ ಅದೂ ಇಲ್ಲ. ರಸ್ತೆ ಅಪಘಾತದಲ್ಲಿ ಗಾಯಗೊಂಡ ಮಕ್ಕಳಿಗಾಗಿ 2013ರಲ್ಲಿ ಮಲ್ಲಿಕಾರ್ಜುನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶೇ 10ರಿಂದ 30ರ ಊನಕ್ಕೆ 3 ಲಕ್ಷ ಎಂದು ಗೆರೆ ಎಳೆದಿತ್ತು. ಸಿವಿಲ್ ದಾವೆಯಲ್ಲೂ ವಕೀಲರು ಈ ಅಂಕಿಗಳನ್ನೇ ಅಳತೆಗೋಲಾಗಿ ಮುಂದಿಡಬಹುದು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಒಂದು ಕಣ್ಣಿನ ದೃಷ್ಟಿ ಪೂರ್ತಿ ಹೋದರೆ 1 ಲಕ್ಷ ಕೊಡುತ್ತದೆ, ಆದರೆ 18 ತುಂಬಿದವರಿಗೆ ಮಾತ್ರ. ಅದೇ ರಾಕೆಟ್ ಗೇಟಿನ ಪಕ್ಕ ನಿಂತಿದ್ದ ಕಾರಿಗೆ ತಾಗಿ ಬೆಂಕಿ ಹತ್ತಿದ್ದರೆ, ಕಾರಿನ ಕಾಂಪ್ರಹೆನ್ಸಿವ್ ವಿಮೆ ಅದನ್ನು ತುಂಬಿಕೊಡುತ್ತಿತ್ತು.

ಪಟಾಕಿಯ ಮೇಲೆ ಶೇ 18 ಜಿಎಸ್‌ಟಿ ಇದೆ. ಸಾವಿರ ರೂಪಾಯಿಯ ಪಟಾಕಿಗೆ 180 ರೂಪಾಯಿ ಸರ್ಕಾರಕ್ಕೆ. ಗಾಯಗೊಂಡವರಿಗೆಂದು ಎತ್ತಿಟ್ಟ ನಿಧಿ ಇಲ್ಲ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಅಪಾಯಕರ ವಸ್ತುಗಳನ್ನು ದೊಡ್ಡ ಪ್ರಮಾಣದಲ್ಲಿ ಇಟ್ಟುಕೊಂಡವರಿಗೆ ವಿಮೆ ಕಡ್ಡಾಯ ಮಾಡಿ, ಪ್ರೀಮಿಯಂ ಜೊತೆ ಒಂದು ಪರಿಹಾರ ನಿಧಿಗೂ ಹಣ ಕಟ್ಟಿಸಿತು. ಅದೇ ಮಾದರಿಯನ್ನು ಚಿಕ್ಕದಾಗಿ ತಂದು, ತಯಾರಕರಿಂದ ಮೈದಾನದ ಅಂಗಡಿಯವರೆಗೆ ಪರವಾನಗಿ ಪಡೆಯುವ ಪ್ರತಿಯೊಬ್ಬರೂ ಪೆಟ್ಟಿಗೆಗೆ ಇಷ್ಟೆಂದು ಒಂದು ನಿಧಿಗೆ ಕಟ್ಟಬೇಕು, ಹಚ್ಚಿದವರು ಯಾರೆಂದು ಕೇಳದೆ ಬೀದಿಯ ಗಾಯಾಳುವಿಗೆ ಅದರಿಂದ ಕೊಡಬೇಕು ಎಂಬುದು ನನ್ನ ಬೇಡಿಕೆ. ಗುದ್ದಿ ಓಡಿಹೋದ ವಾಹನಕ್ಕೆ ಮಾಡಿದ ಏರ್ಪಾಡನ್ನು ಸಿಡಿದು ಓಡಿಹೋದ ರಾಕೆಟ್ಟಿಗೂ ಮಾಡಿ ಎಂದಷ್ಟೇ ಕೇಳುತ್ತಿರುವುದು.

ಅಲ್ಲಿಯವರೆಗೆ ಗಾಯಗೊಂಡವರ ಕೈಯಲ್ಲಿರುವುದು ಕಾಗದಗಳು. ತುರ್ತು ಚಿಕಿತ್ಸೆಗೆ ಪೊಲೀಸ್ ಕಾಗದ ಕಾಯುವಂತಿಲ್ಲ ಎಂದು 1989ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ, ಆದ್ದರಿಂದ ನಿಜ ಹೇಳಿದರೆ ಚಿಕಿತ್ಸೆ ತಡವಾದೀತು ಎಂಬ ಭಯ ಬೇಡ. ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ಮೆಡಿಕೊ-ಲೀಗಲ್ ಕೇಸ್) ಮಾಡಿ ಎಂದು ಬಾಯಿಬಿಟ್ಟು ಕೇಳಿ. ಯಾರು ಹಚ್ಚಿದ್ದು, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನು ಹೇಳಿ, ಬರೆದದ್ದನ್ನು ಓದಿಸಿಕೊಳ್ಳಿ. ಪೆಟ್ಟಿಗೆ ಎತ್ತಿಡಿ, ಬಿಲ್ಲಿನ ಫೋಟೊ ತೆಗೆದಿಡಿ. ಬೀದಿಯ ಸಿಸಿ ಕ್ಯಾಮೆರಾದ ಚಿತ್ರ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ, ಮರುದಿನವೇ ಕೇಳಿ.

ನಮ್ಮ ಬೀದಿಯ ಹುಡುಗನಿಗೆ ಈಗ ಹದಿನಾರು. ಗಾಯವಾದಾಗ ಮಗುವಾಗಿದ್ದವನಿಗೆ ದಾವೆಯ ಮೂರು ವರ್ಷದ ಗಡುವು ಓಡಲು ಶುರುವಾಗುವುದು 18 ತುಂಬಿದ ಮೇಲೆ. 21 ತುಂಬುವವರೆಗೆ ಅವನಿಗೆ ಅವಕಾಶವಿದೆ ಎಂದು ಅವನ ತಾಯಿಗೆ ತಿಳಿದದ್ದು ಹೋದ ತಿಂಗಳು, ನಾನು ಹೇಳಿದ ಮೇಲೆ. ಅವರು ಬೀರುವಿನಿಂದ ಒಂದು ಹಳೆಯ ಬಿಸ್ಕತ್ ಡಬ್ಬಿ ತಂದರು. ಅದರಲ್ಲಿ ಡಿಸ್ಚಾರ್ಜ್ ಸಾರಾಂಶ, ಅಕ್ಷರ ಅಳಿಸಿದ ಔಷಧಿ ಬಿಲ್ಲುಗಳು, ಕೃತಕ ಕಣ್ಣಿನ ರಸೀದಿ. ಮೊದಲ ಹಾಳೆಯಲ್ಲಿ ಅವರೇ ಅಂದು ಹೇಳಿದ ವಾಕ್ಯ. "ಇದನ್ನ ಈಗ ಬದಲಾಯಿಸಕ್ಕಾಗುತ್ತಾ?" ಎಂದು ಕೇಳಿದರು. ಕಾಗದ ಬದಲಾಗುವುದಿಲ್ಲ. ಆದರೆ ಅದರ ಎದುರು ಕಣ್ಣಾರೆ ಕಂಡವರ ಸಾಕ್ಷಿ ನಿಲ್ಲಬಹುದು. ಬಾಟಲಿ ಎಲ್ಲಿತ್ತು, ಯಾರು ಹಚ್ಚಿದರು, ಹುಡುಗ ಎಲ್ಲಿ ನಿಂತಿದ್ದ, ಅವನ ಕೈಯಲ್ಲಿ ಏನಿತ್ತು ಎಂದು ಎರಡು ಪುಟ ಬರೆದು, ಸಹಿ ಮಾಡಿ, ತಾರೀಖು ಹಾಕಿ ಆ ಡಬ್ಬಿಯಲ್ಲಿಟ್ಟು ಬಂದಿದ್ದೇನೆ. ದಾವೆ ಹೂಡುವುದೋ ಬಿಡುವುದೋ, 18 ತುಂಬಿದ ಮೇಲೆ ಅವನು ತೀರ್ಮಾನಿಸುತ್ತಾನೆ.